ಕಟ್ಟಿದವರು ನೋಡಬಾರದು

ಫೆಬ್ರವರಿ 26, ಮಂಗಳವಾರ

ಇವತ್ತೂ ಅತ್ತೆಯೇ ಜಡೆ ಹೆಣೆದರು. ಎಂಥ ಬಿಗಿ ಎಂದರೆ ಹುಬ್ಬು ಮೇಲೇರಿ, ದಿನವಿಡೀ ಏನೋ ಸುದ್ದಿ ಕೇಳಿ ಬೆರಗಾದವಳ ಹಾಗೆ ಕಾಣುತ್ತೇನೆ. ಸ್ವಲ್ಪ ಸಡಿಲ ಮಾಡಿ ಎಂದೆ. "ಸಂಜೆ ತನಕ ನಿಲ್ಲೋದು ಬೇಡ್ವಾ? ನಿನ್ನ ಹಾಗೆ ಅರ್ಧಂಬರ್ಧ ಕೆಲಸ ನಂಗೆ ಬರಲ್ಲಮ್ಮ" ಎಂದರು. ಅರ್ಧಂಬರ್ಧ ಕೆಲಸ! ನಾನು! ಉತ್ತರ ನಾಲಗೆ ತುದಿಗೆ ಬಂದಿತ್ತು. ಆದರೆ ಜುಟ್ಟು ಅವರ ಕೈಯಲ್ಲಿತ್ತು.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು. ಡೈರಿ ಇವರ ಅಂಗಡಿಯದು. ಬೀಗದ ಕಂಪನಿಯವರು ಕೊಟ್ಟಿದ್ದಂತೆ, ಪ್ರತಿ ಪುಟದ ಮೂಲೆಯಲ್ಲೂ ಒಂದು ಬೀಗದ ಚಿತ್ರ. ಬೀಗ ರಿಪೇರಿಯವನ ಹೆಂಡತಿಗೆ ಇನ್ನೆಂಥ ಡೈರಿ ಸಿಗಬೇಕು? ಟಿವಿ ನೋಡಿ ನೋಡಿ ಕಣ್ಣು ಉರಿಯುತ್ತದೆ. ಪಾತ್ರೆ ತೊಳೆಯುವ ಹಾಗಿಲ್ಲ, ಬಟ್ಟೆ ಹಿಂಡುವ ಹಾಗಿಲ್ಲ. ಕೂತೂ ಕೂತೂ ಸುಸ್ತು.

ಬಲಗೈ ಪ್ಲಾಸ್ಟಿಕ್ ಅಚ್ಚಿನೊಳಗಿದೆ. ಸ್ಪ್ಲಿಂಟ್ ಅಂತೆ. ಇಷ್ಟು ವರ್ಷ ಕಸಿ ಚಾಕು ಹಿಡಿದೆ, ಚಾಕು ಏನೂ ಮಾಡಲಿಲ್ಲ. ಪಾರ್ಕಿನ ನರ್ಸರಿಯ ಗಾಜಿನ ಮನೆಯ ಕಿಟಕಿ ಮುಚ್ಚಲು ಹೋದೆ, ಹಾಳೆ ಒಡೆದು ಅಂಗೈಗೆ ಇಳಿಯಿತು. ಬೆರಳನ್ನು ಒಳಗಿನಿಂದ ಎಳೆಯುವ ಹುರಿ ಇರುತ್ತದಂತೆ. ತೋರುಬೆರಳಿನದು ಪೂರ್ತಿ ಹೋಗಿತ್ತು, ಹೆಬ್ಬೆರಳಿನದು ಅರ್ಧ. ಸೇರಿಸಿ ಹೊಲಿದಿದ್ದಾರೆ. "ಇದನ್ನ ಬಿಚ್ಚಬೇಡಿ. ನಾವು ಹೇಳೋ ತನಕ ಯಾವ ಕಾರಣಕ್ಕೂ ಬಿಚ್ಚಬೇಡಿ" ಎಂದರು ಡಾಕ್ಟರಮ್ಮ. ಸಣ್ಣ ವಯಸ್ಸು, ನನ್ನನ್ನೇ ಗದರುತ್ತಾಳೆ.

ಗುಲಾಬಿ ಕಸಿ ಕಟ್ಟುವ ಕಾಲ. ನನ್ನ ಬೆಂಚಿನಲ್ಲಿ ಯಾರು ಕೂತಿದ್ದಾರೋ.

ಎಡಗೈ ನೋಯುತ್ತಿದೆ. ಸಾಕು.

ಮಾರ್ಚ್ 1, ಶುಕ್ರವಾರ

ಕೆಲಸ ಮುಗಿಸಿ ನರ್ಸರಿಯ ಗೆಳತಿ ಇರುವೆ ಬಂದಿದ್ದಳು. ಮೈಯೆಲ್ಲ ಒದ್ದೆ ಮಣ್ಣಿನ ವಾಸನೆ. ಜೋರಾಗಿ ಉಸಿರೆಳೆದುಕೊಂಡೆ.

ಅವಳು ಈಗ ಸೂಪರ್‌ವೈಸರ್. ಹುಡುಗರು ಮೇಡಂ ಎನ್ನುತ್ತಾರೆ. ನಾವಿಬ್ಬರೂ ಒಂದೇ ದಿನ ಅಪ್ರೆಂಟಿಸ್ ಸೇರಿದವರು. ತನಗಿಂತ ದೊಡ್ಡ ಕುಂಡ ಹೊತ್ತು ಓಡಾಡುತ್ತಿದ್ದಳು, ಹೆಸರು ಅಂಟಿಕೊಂಡಿತು. ನಾನು ಸಾಸಿವೆ. ಕಾದ ಎಣ್ಣೆ ಕಂಡರೆ ಸಾಕು, ಸಿಡಿಯುತ್ತೇನಂತೆ. ಎರಡೂ ಹೆಸರು ಇಟ್ಟವರು ಹೆಡ್ ಮಾಲಿ. ಅವರಿಗೆ ನಾವಿಟ್ಟ ಹೆಸರು ಗುರುಗುರು. ಬಾಯಿ ಬಿಟ್ಟು ಮಾತಾಡಿದ್ದಕ್ಕಿಂತ ಗಂಟಲಲ್ಲೇ ಗುರುಗುಟ್ಟಿದ್ದು ಜಾಸ್ತಿ.

ಬಾಳೆಹಣ್ಣು ಕೊಟ್ಟಳು. ಅತ್ತೆಯ ಮಂಡಿ ನೋವು ವಿಚಾರಿಸಿದಳು. ಗೋಡೆ ನೋಡಿದಳು. ಬಾಯಲ್ಲಿ ಏನೋ ಇದೆ, ಉಗುಳುತ್ತಿಲ್ಲ. ಕೊನೆಗೆ ನಾನೇ, "ಏನ್ ಹೇಳು, ಸುತ್ತಿ ಬಳಸಬೇಡ" ಎಂದೆ.

"ಗೇಟಲ್ಲಿ ಟಿಕೆಟ್ ಕೊಡೋ ಯಜಮಾನ್ರು ಜೂನ್‌ಗೆ ರಿಟೈರ್ ಆಗ್ತಾರೆ. ಸಾಹೇಬ್ರು ಕೇಳ್ತಿದ್ರು... ನಿನ್ನ ಕೈ ಮೊದಲಿನ ಹಾಗೆ ಬರದೇ ಇದ್ರೆ..."

"ಬರದೇ ಇದ್ರೆ?"

"ಕೂತು ಮಾಡೋ ಕೆಲಸ ಕಣೇ. ಫ್ಯಾನ್ ಇದೆ."

"ಆ ಫ್ಯಾನ್ ನಿನ್ನ ತಲೆ ಮೇಲೆ ಹಾಕ್ಕೋ" ಎಂದೆ. ಪಾಪ, ಅವಳಿಗೆ ಸಿಟ್ಟೇ ಬರುವುದಿಲ್ಲ, ಅದೇ ಅವಳ ದೊಡ್ಡ ಕಾಯಿಲೆ.

ಅತ್ತೆಗೆ ಹಿಗ್ಗೋ ಹಿಗ್ಗು. "ಬಿಸಿಲಿಲ್ಲ, ಮಣ್ಣಿಲ್ಲ, ಉಗುರು ಕಪ್ಪಾಗಲ್ಲ. ದೇವರೇ ಗಾಜು ಒಡೆದ ಅನ್ಕೋ" ಎಂದರು.

ಹೆದರಿಕೆಯಾಗುತ್ತಿದೆ. ಇಲ್ಲಿ ಬರೆದರೆ ಯಾರು ನೋಡುತ್ತಾರೆ, ಬರೆಯುತ್ತೇನೆ. ಅಡುಗೆ ಸುಮಾರು, ಲೆಕ್ಕ ಸುಮಾರು. ಕಸಿ ಕಟ್ಟುವುದೊಂದೇ ನನಗೆ ಚೆನ್ನಾಗಿ ಬರುವುದು. ಅದೂ ಹೋದರೆ...

ಮಾರ್ಚ್ 5, ಮಂಗಳವಾರ. ಮಧ್ಯಾಹ್ನ

ನಿದ್ದೆ ಬರುವುದಿಲ್ಲ. ಹಳೆಯದೆಲ್ಲ ಬರುತ್ತದೆ.

ಮೊದಲ ವರ್ಷ ಚಾಕು ಮುಟ್ಟಲೂ ಬಿಡಲಿಲ್ಲ ಗುರುಗುರು. ಮಣ್ಣು ಜರಡಿ ಹಿಡಿ, ಕುಂಡ ಉಜ್ಜು, ಗೊಬ್ಬರ ತಿರುವಿ ಹಾಕು. ಸಂಜೆ ಮೂಗು ಸೀನಿದರೆ ಮಣ್ಣೇ. ಗಿಡ ಬೆಳೆಸುವ ಕೆಲಸ, ಹೂವು ನೋಡಿಕೊಂಡಿರಬಹುದು ಎಂದು ಬಂದವಳು ನಾನು. ಹೂವು ಬಿಡುವ ಹೊತ್ತಿಗೆ ಗಿಡ ಪಾರ್ಕಿಗೆ ಹೋಗಿರುತ್ತಿತ್ತು, ನಮಗೆ ಖಾಲಿ ಕುಂಡ ವಾಪಸ್.

ಆಮೇಲೆ ಚಾಕು ಕೊಟ್ಟರು. ಗಿಡ ಕೊಡಲಿಲ್ಲ. ಬೇಲಿ ಕತ್ತರಿಸಿದ ಕಡ್ಡಿಗಳ ರಾಶಿ ತೋರಿಸಿ, ಓರೆಯಾಗಿ ಕೊಯ್ಯಿರಿ ಎಂದರು. ಒಂದೇ ಎಳೆತಕ್ಕೆ. ಕೊಯ್ದ ಕಡ್ಡಿ ಅವರ ಕೈಗೆ ಕೊಡಬೇಕು. ಅವರು ಕಣ್ಣಲ್ಲಿ ನೋಡುತ್ತಿರಲಿಲ್ಲ. ಕೊಯ್ದ ಜಾಗವನ್ನು ಕೆಳತುಟಿ ಮೇಲೆ ಆಡಿಸುತ್ತಿದ್ದರು. ಒಂದಿಷ್ಟು ತರಕಲು ತಗುಲಿದರೂ ಕಡ್ಡಿ ಹೆಗಲ ಮೇಲಿಂದ ಹಿಂದಕ್ಕೆ. ಅವರ ಬೆನ್ನ ಹಿಂದೆ ಇರುವೆಯದೊಂದು ಗುಡ್ಡೆ, ನನ್ನದೊಂದು ಬಣವೆ. ತುಟಿಯಲ್ಲಿ ಕಡ್ಡಿಯ ರಸದ ಕಪ್ಪು ಗೆರೆ ಬಿದ್ದುಹೋಗಿತ್ತು ಅವರಿಗೆ.

ಒಂದು ದಿನ ನನ್ನ ಕಡ್ಡಿ ತುಟಿ ಮೇಲೆ ಆಡಿಸಿದರು. ಎಸೆಯಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋದರು. ಓಡಿಕೊಂಡು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಕಿವಿಗೆ ಸಿಕ್ಕಿಸ್ಕೊಂಡ್ರಮ್ಮ! ಅಮ್ಮ ಒಲೆ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ಅದಕ್ಕೇನೀಗ? ಕೈಕಾಲು ತೊಳ್ಕೊಂಡು ಬಾ" ಎಂದಳು.

ಈಗ ನೆನೆಸಿಕೊಂಡರೂ ನಗು ಬರುತ್ತದೆ. ಆಮೇಲೆ ನಗು ನಿಂತುಹೋಗುತ್ತದೆ.

ಮಾರ್ಚ್ 9, ಶನಿವಾರ

ಇವರು ಕೇಳಿದರು, "ಏನ್ ಬರೀತಿದೀಯ ಅಷ್ಟೊಂದು?" ನಿಮ್ಮ ಮೇಲೆ ದೂರು ಎಂದೆ. "ಹಾಗಾದ್ರೆ ಇನ್ನೊಂದು ಡೈರಿ ತರ್ತೀನಿ" ಎಂದರು.

ಅಚ್ಚಿನೊಳಗೆ ನವೆ. ನೋವಾದರೆ ತಡೆಯಬಹುದು, ನವೆ ತಡೆಯಲಾಗದು. ಒಳಗೆ ಹುರಿ ಕೂಡಿತೋ ಇಲ್ಲವೋ. ಯಾರಿಗೆ ಗೊತ್ತು? ಡಾಕ್ಟರಮ್ಮನಿಗಾದರೂ ಹೊರಗಿನಿಂದ ಏನು ಗೊತ್ತಾಗುತ್ತದೆ?

ಕಸಿಯಲ್ಲೂ ಇದೇ ಕಾಟ. ಕಾಡು ಗುಲಾಬಿಯ ಕಾಂಡದಲ್ಲಿ ಸಿಪ್ಪೆ ಸೀಳಿ, ಒಳ್ಳೆ ಜಾತಿ ಗುಲಾಬಿಯ ಚಿಗುರೊಡೆಯುವ ಒಂದು ಕಣ್ಣು ತಂದು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇವೆ. ಅಷ್ಟೇ ನಮ್ಮ ಕೈಯಲ್ಲಿರುವುದು. ಆಮೇಲೆ ಕಾಯಬೇಕು. ಕಾಯುವುದು ಕಟ್ಟಿದವರಿಂದ ಆಗುವುದಿಲ್ಲ. ಕೈ ತಡೆಯುವುದಿಲ್ಲ. ಒಂದೇ ಒಂದು ಸುತ್ತು ಬಿಚ್ಚಿ, ಇಣುಕಿ, ಮತ್ತೆ ಸುತ್ತಿಟ್ಟರೆ ಯಾರಿಗೆ ತಿಳಿಯುತ್ತದೆ ಎನ್ನಿಸುತ್ತದೆ. ಅಂಟಿಕೊಳ್ಳುತ್ತಿದ್ದ ಕಣ್ಣು ಆ ಒಂದು ಇಣುಕಿಗೆ ಅಲುಗಿ, ಕಪ್ಪಾಗಿ ಹೋಗುತ್ತದೆ. ಎಲ್ಲ ಅಪ್ರೆಂಟಿಸರೂ ಮಾಡುವ ತಪ್ಪು. ಅದಕ್ಕೇ ಗುರುಗುರು ಒಂದು ಕಟ್ಟಳೆ ಇಟ್ಟಿದ್ದರು: ಕಟ್ಟಿದವರು ನೋಡಬಾರದು. ನಾನು ಕಟ್ಟಿದ್ದನ್ನು ಇರುವೆ ನೋಡಿಕೊಳ್ಳಬೇಕು, ಅವಳದನ್ನು ನಾನು. ನೀರು, ನೆರಳು, ಕಳೆ, ಎಲ್ಲ ಅದಲು ಬದಲು. ಹೇಗಿವೆ ಎಂದು ಕೇಳುವಂತಿಲ್ಲ, ಕೇಳಿದರೂ ಹೇಳುವಂತಿಲ್ಲ.

ಕಣ್ಣಿನ ಬುಡದಲ್ಲಿ ಎಲೆಯ ತೊಟ್ಟೊಂದನ್ನು ಬಿಟ್ಟಿರುತ್ತೇವೆ. ದಿನ ತುಂಬಿದ ಮೇಲೆ ನೋಡಿಕೊಂಡವರು ಬಂದು ತೊಟ್ಟನ್ನು ಬೆರಳಿಂದ ಮುಟ್ಟಬೇಕು. ಮುಟ್ಟಿದೊಡನೆ ಉದುರಿದರೆ ಕಸಿ ಹಿಡಿದಿದೆ. ಒಣಗಿ ಅಂಟಿಕೊಂಡಿದ್ದರೆ ಸತ್ತಿದೆ.

ನಾನು ದಿನಾ ಇರುವೆಯ ಪ್ರಾಣ ತಿನ್ನುತ್ತಿದ್ದೆ. ಬೈದೆ, ಗೋಗರೆದೆ, ಒಂದು ದಿನ ಅವಳ ಚಪ್ಪಲಿ ಬಚ್ಚಿಟ್ಟೆ. ಅವಳು ಬರಿಗಾಲಲ್ಲಿ ನಿಂತು ಆಕಾಶ ನೋಡಿದಳೇ ಹೊರತು ಬಾಯಿ ಬಿಡಲಿಲ್ಲ.

ಮಾರ್ಚ್ 12, ಮಂಗಳವಾರ. ಮೂರು ಗಂಟೆ

ಅತ್ತೆ ಮಲಗಿದ್ದರು. ಇವರು ಅಂಗಡಿಯಲ್ಲಿ.

ಬಿಚ್ಚಿದೆ.

ಬೆರಳು ಬೆಳ್ಳಗೆ, ನೀರಲ್ಲಿ ನೆನೆದ ಹಾಗೆ ಸುಕ್ಕು. ಮಡಚಿ ನೋಡಿದೆ. ಮಡಚಿತು! ಸ್ವಲ್ಪವೇ, ಆದರೆ ಮಡಚಿತು. ಎಷ್ಟು ಖುಷಿಯಾಯಿತೆಂದರೆ ಕಣ್ಣಲ್ಲಿ ನೀರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಚೀಲದಿಂದ ಚಾಕು ತೆಗೆದೆ. ಪೊರಕೆ ಕಡ್ಡಿಯೊಂದನ್ನು ಹಿಡಿದು ಓರೆಯಾಗಿ ಎಳೆದೆ. ಒಂದೇ ಎಳೆತ.

ಒಳಗೆ ಏನೋ ಜಾರಿತು. ಸೂಜಿಯಿಂದ ದಾರ ಜಾರಿದ ಹಾಗೆ. ನೋವೂ ಅಷ್ಟಾಗಲಿಲ್ಲ.

ಮತ್ತೆ ಅಚ್ಚಿನೊಳಗೆ ಇಟ್ಟು ಪಟ್ಟಿ ಕಟ್ಟಿದ್ದೇನೆ. ಮೊದಲಿದ್ದ ಹಾಗೇ, ಅಷ್ಟೇ ಬಿಗಿ. ಯಾರಿಗೂ ಗೊತ್ತಾಗುವುದಿಲ್ಲ.

ಏಪ್ರಿಲ್ 3, ಬುಧವಾರ

ಬರೆಯಲು ಮನಸ್ಸಿರಲಿಲ್ಲ.

ಡಾಕ್ಟರಮ್ಮ ಅಚ್ಚು ತೆಗೆದು, ಬೆರಳು ಹಿಡಿದು, ತಲೆ ಎತ್ತದೆ ಕೇಳಿದರು. "ಮಧ್ಯದಲ್ಲಿ ಬಿಚ್ಚಿದ್ರಾ?"

"ಇಲ್ಲ."

"ಬಿಚ್ಚಿದೀರ."

ಇವರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಹೆಬ್ಬೆರಳು ಸರಿಯಾಗುತ್ತದೆ. ತೋರುಬೆರಳಿನ ತುದಿ ಮಡಚುವುದಿಲ್ಲ. ಇನ್ನೊಮ್ಮೆ ಆಪರೇಶನ್ ಮಾಡಬಹುದು, ಮಾಡಿದರೂ ಬರುತ್ತದೆಂಬ ಭರವಸೆ ಇಲ್ಲ, ಇರುವುದೂ ಹೋಗಬಹುದು. ಬೇಡ ಎಂದೇ ಅವರ ಸಲಹೆ. "ದೊಡ್ಡ ಕೆಲಸಕ್ಕೆಲ್ಲ ತೊಂದ್ರೆ ಇಲ್ಲಮ್ಮ. ಬಕೆಟ್ ಎತ್ತಬಹುದು, ರೊಟೀನ್ ಎಲ್ಲ ಮಾಡಬಹುದು. ಸಣ್ಣ ಸಣ್ಣದು ಹಿಡಿಯೋದು ಕಷ್ಟ ಆಗಬಹುದು."

ನನ್ನ ಕೆಲಸವೆಲ್ಲ ಸಣ್ಣ ಸಣ್ಣದೇ.

ಇವರು ಬಸ್ಸಿನಿಂದ ಇಳಿದ ಮೇಲೆ, "ದಿನಾ ಅಂಗಡಿಗೆ ಬಂದೋರಿಗೆಲ್ಲ ಹೇಳ್ತೀನಿ. ಬೀಗ ಬರ್ಲಿಲ್ಲ ಅಂದ್ರೆ ಬಲವಂತ ಮಾಡ್ಬೇಡಿ, ಕೀಲಿ ಒಳಗೇ ಮುರಿಯುತ್ತೆ ಅಂತ. ಊರಿಗೆಲ್ಲ ಹೇಳ್ತೀನಿ" ಎಂದರು. ಅಷ್ಟೇ. ಆಮೇಲೆ ಟೀ ಕುಡಿಸಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಟೀಗೆ ಏನು ಮಾಡಲಿ?

ನನ್ನ ಕೈ ನಾನೇ ಹಾಳು ಮಾಡಿಕೊಂಡೆ.

ಏಪ್ರಿಲ್ 22, ಸೋಮವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ವ್ಯಾಯಾಮ ಅಂತೆ, ದಿನಾ ಒಂದು ಪುಟ ಬರೆಯಬೇಕಂತೆ. ತೋರುಬೆರಳು ಪೆನ್ನಿನ ಮೇಲೆ ಮಡಚದೆ ನೆಟ್ಟಗೆ ನಿಂತಿರುತ್ತದೆ, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ. ಅಕ್ಷರ ಮಾತ್ರ ಎಡಗೈಯದಕ್ಕಿಂತ ವಾಸಿ.

ಇನ್ನೊಂದು ವ್ಯಾಯಾಮ ಕಡಲೆಕಾಳಿನದು. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಒಂದೊಂದೇ ಕಾಳು. ಅತ್ತೆ ಎದುರಿಗೆ ಕೂತು ಕಾವಲು. "ಈಗ ಮಧ್ಯದ ಬೆರಳಲ್ಲಿ ಎತ್ತಿದೆ, ನೋಡ್ದೆ ನಾನು. ವಾಪಸ್ ಹಾಕು." ಪರೀಕ್ಷೆಯಲ್ಲಿ ಕಾಪಿ ಹೊಡೆದವಳ ಹಾಗೆ ಹಿಡಿಯುತ್ತಾರೆ. ಬಿದ್ದ ಕಾಳು ಮಂಡಿ ನೋವಿನಲ್ಲೂ ಬಗ್ಗಿ ಅವರೇ ಹೆಕ್ಕುತ್ತಾರೆ. ಇವತ್ತು ನಾನು ಬಟ್ಟಲು ತಳ್ಳಿಬಿಟ್ಟೆ. ಕಾಳೆಲ್ಲ ಮಂಚದ ಕೆಳಗೆ. ಅತ್ತೆ ಬೈಯದೆ ಎದ್ದು ಅಡುಗೆಮನೆಗೆ ಹೋದರು. ಅದಕ್ಕೇ ಹೆದರಿಕೆಯಾಯಿತು.

ಸಂಜೆ ಇಬ್ಬರೂ ಸೇರಿ ಗುಡಿಸಿದೆವು.

ಮೇ 13, ಸೋಮವಾರ

ಕೆಲಸಕ್ಕೆ ಹೋದೆ.

ನೆರಳು ಬಲೆಯ ಕೆಳಗೆ ಅದೇ ಹಸಿರು ಬೆಳಕು. ಪೈಪು ಅದೇ ಜಾಗದಲ್ಲಿ ಸೋರುತ್ತಿದೆ. ನನ್ನ ಬೆಂಚಿನ ಮೇಲೆ ಗುತ್ತಿಗೆ ಹುಡುಗನೊಬ್ಬ ಟೀ ಕಪ್ ಇಟ್ಟಿದ್ದ, ಒಳಗೆ ಸಿಗರೇಟಿನ ಬೂದಿ. ಅವನನ್ನು ಕರೆದು ಕಪ್ಪಿನ ಸಮೇತ ಬೈದೆ. ಎಷ್ಟೋ ದಿನದ ಮೇಲೆ ಮೈ ಹಗುರಾಯಿತು. ಇರುವೆ ದೂರದಿಂದ ನಗುತ್ತಿದ್ದಳು.

ಸಾಹೇಬರು ಒಳ್ಳೆಯವರೇ. ಕೂರಿಸಿ ಮಾತಾಡಿದರು. "ಜೂನ್ ಒಳಗೆ ಒಂದು ಸಾಲು ಗುಲಾಬಿ ಕಟ್ಟಿ ತೋರಿಸಮ್ಮ. ಮುಕ್ಕಾಲು ಪಾಲು ಹಿಡಿದ್ರೆ ನಿನ್ನ ಬೆಂಚು ನಿನಗೇ. ಇಲ್ಲಾಂದ್ರೆ ಕೌಂಟರ್. ನೋಡ್ಕೊಂಡು ರಿಪೋರ್ಟ್ ಕೊಡೋದು ಸೂಪರ್‌ವೈಸರ್." ಇದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ.

ಹೊರಗೆ ಬಂದು ಇರುವೆ, "ಮತ್ತೆ ನಾನೇ ನೋಡ್ಕೋಬೇಕಂತೆ ನಿಂದನ್ನ" ಎಂದಳು. ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಜೂನ್ 4, ಮಂಗಳವಾರ. ರಾತ್ರಿ ಊಟವಾದ ಮೇಲೆ

ಕಟ್ಟಿದೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಶುರು, ಮಧ್ಯಾಹ್ನಕ್ಕೆ ಮುಗಿಯಿತು. ಮೊದಲಾದರೆ ಹಾಡು ಹೇಳಿಕೊಂಡು ಒಂದು ಗಂಟೆಯಲ್ಲಿ ಮುಗಿಸುವ ಸಾಲು.

ಕೊಯ್ಯುವುದು ಪರವಾಗಿಲ್ಲ. ಚಾಕುವನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿಂದ ನಡೆಸಿದೆ. ಕಣ್ಣನ್ನು ಸಿಪ್ಪೆಯೊಳಗೆ ಜಾರಿಸುವುದು ಕಷ್ಟ. ಬೆರಳ ತುದಿಗೆ ಗೊತ್ತೇ ಆಗುವುದಿಲ್ಲ, ಕೂತಿತೋ ಇಲ್ಲವೋ. ಎರಡು ಮೂರು ಸಲ ತೆಗೆದು ಹಾಕಿದೆ, ಅಷ್ಟರಲ್ಲಿ ಕಣ್ಣು ಒಣಗುತ್ತದೆ. ಎಲ್ಲಕ್ಕಿಂತ ಕಷ್ಟ ಪಟ್ಟಿ ಬಿಗಿಯುವುದು. ತುದಿ ಚಿವುಟಿ ಎಳೆಯಲು ಬೆರಳು ಮಡಚಬೇಕಲ್ಲ? ಹಲ್ಲಿನಿಂದ ಕಚ್ಚಿ ಎಳೆದೆ. ಒಂದೊಂದು ಗಿಡಕ್ಕೂ ಬಗ್ಗಿ, ಕಾಂಡಕ್ಕೆ ಮುತ್ತು ಕೊಡುವವಳ ಹಾಗೆ. ಮೂಗಿಗೆ ಮುಳ್ಳು ಚುಚ್ಚಿತು. ಗುತ್ತಿಗೆ ಹುಡುಗ ನೋಡಿ ಬಾಯಿ ಮುಚ್ಚಿಕೊಂಡು ಹೋದ. ಅವನಿಗೂ ಏನೂ ಅನ್ನಲಿಲ್ಲ ನಾನು. ಅಷ್ಟು ಸುಸ್ತು.

ಇವರು ಬೆನ್ನಿಗೆ ಎಣ್ಣೆ ಹಚ್ಚಿದರು. "ಹಿಡೀತಾವೆ ಬಿಡು" ಎಂದರು. ಇವರಿಗೇನು ಗೊತ್ತು. ಆದರೂ ಇನ್ನೊಂದು ಸಲ ಹೇಳಲಿ ಎನ್ನಿಸಿತು.

ಜೂನ್ 12, ಬುಧವಾರ

ನೋಡುತ್ತಿಲ್ಲ. ಆ ಸಾಲಿನ ಹತ್ತಿರ ಹೋಗದೆ ಗೊಬ್ಬರದ ಗುಂಡಿ ಸುತ್ತಿ ಓಡಾಡುತ್ತೇನೆ. ಇರುವೆ ನನ್ನನ್ನು ಕಂಡರೆ ಆಕಾಶ ನೋಡುತ್ತಾಳೆ. ಈ ಸಲ ಚಪ್ಪಲಿ ಬಚ್ಚಿಡಲಿಲ್ಲ. ವಯಸ್ಸಾಯಿತು.

ಗುರುಗುರು ರಿಟೈರ್ ಆದ ಮೇಲೆ ಒಂದೇ ಸಲ ಬಂದಿದ್ದರು. ಸಿಬ್ಬಂದಿ ಗೇಟಿನಿಂದ ಬಂದಿದ್ದರೂ ಯಾರೂ ತಡೆಯುತ್ತಿರಲಿಲ್ಲ. ದೊಡ್ಡ ಗೇಟಿನಲ್ಲಿ ಸಾಲು ನಿಂತು, ಟಿಕೆಟ್ ತೆಗೆದುಕೊಂಡು ಬಂದರು. ಬಲೆಯ ಆಚೆಯಿಂದಲೇ ನಮ್ಮ ಬೆಂಚುಗಳನ್ನು ನೋಡುತ್ತಾ ನಿಂತರು. ಒಳಗೆ ಬನ್ನಿ ಸಾರ್ ಎಂದು ಎಷ್ಟು ಕರೆದರೂ ಬರಲಿಲ್ಲ. "ನಾನೀಗ ನೋಡೋಕೆ ಬಂದೋನು" ಎಂದು ಗುರುಗುಟ್ಟಿದರು. ತುಟಿಯ ಕಪ್ಪು ಗೆರೆ ಮಾಸಿತ್ತು. ಮುಂದಿನ ವರ್ಷ ತೀರಿಕೊಂಡರು. ಆ ದಿನ ಕೈ ಹಿಡಿದು ಎಳೆದಾದರೂ ಒಳಗೆ ಕರೆದುಕೊಂಡು ಬರಬೇಕಿತ್ತು.

ಜೂನ್ 27, ಗುರುವಾರ

ಬೆಳಿಗ್ಗೆ ಸಾಹೇಬರ ಮುಂದೆ ಇರುವೆ ಹೇಳಿದಳು. ಎಲ್ಲ ಹಿಡಿದಿವೆ. ಒಂದೂ ಹೋಗಿಲ್ಲ. ಸಾಹೇಬರು ಮೇಜು ತಟ್ಟಿದರು. ಹೊರಗೆ ಬಂದು ಇವರಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೂಗಿದರು.

ಟೀ ಹೊತ್ತಿಗೆ ನೋಡಲು ಹೋದೆ. ಈಗ ನೋಡಬಹುದಲ್ಲ.

ಎಲ್ಲ ಕಣ್ಣೂ ಹಸಿರು. ತೊಟ್ಟು ಉದುರಿದ ಜಾಗ ನುಣ್ಣಗೆ. ಕೂತು ಒಂದೊಂದೇ ಗಿಡ ನೋಡುತ್ತಾ ಹೋದೆ. ಪಟ್ಟಿಯ ಸುತ್ತು ಚೆನ್ನಾಗಿದೆ. ತುಂಬಾ ಚೆನ್ನಾಗಿ. ಕೆಳಗಿನಿಂದ ಮೇಲಕ್ಕೆ ಒಂದೇ ಸಮ, ತುದಿ ಮಡಚಿ ಒಳಗೆ ಸೇರಿಕೊಂಡಿದೆ.

ತುದಿಯಲ್ಲಿ ಹಲ್ಲಿನ ಗುರುತಿಲ್ಲ.

ಇನ್ನೊಂದು ನೋಡಿದೆ. ಇಲ್ಲ. ಅದರ ಪಕ್ಕದ್ದು. ಇಲ್ಲ. ಸಾಲಿನ ಕೊನೆಯಲ್ಲಿ ಎರಡೇ ಎರಡು ಗಿಡದಲ್ಲಿ, ಅಗಿದ ಹಾಗೆ ಜಜ್ಜಿದ ತುದಿ ಸಿಕ್ಕಿತು. ನನ್ನವು.

ಮನೆಗೆ ಬಂದರೆ ಇವರು ಸಿಹಿ ತಂದಿದ್ದರು. ತಿಂದೆ.

ಜೂನ್ 28, ಶುಕ್ರವಾರ

ನೀರಿನ ತೊಟ್ಟಿ ಹತ್ತಿರ ಹಿಡಿದೆ ಅವಳನ್ನು.

"ಯಾವಾಗ ಕಟ್ಟಿದೆ?"

ಆಕಾಶ ನೋಡಿದಳು. ಗಲ್ಲ ಹಿಡಿದು ಕೆಳಗಿಳಿಸಿದೆ.

"ಕಪ್ಪಾಗೋಕೆ ಶುರುವಾದ್ವು ಕಣೇ. ಒಂದೊಂದೇ. ಕಣ್ಣಾರೆ ಹೇಗೆ ನೋಡ್ಲಿ? ಎಲ್ಲಾರೂ ಹೋದ್ಮೇಲೆ ಸಂಜೆ ಸಂಜೆ ಕೂತು..."

"ಕಟ್ಟಿದವರು ನೋಡಬಾರದು. ನೀನೇ ಕಟ್ಟಿದೆ, ನೀನೇ ನೋಡಿದೆ, ನೀನೇ ಪಾಸ್ ಮಾಡಿದೆ!"

"ಮತ್ತೆ ಫೇಲ್ ಅಂತ ಈ ಕೈಯಲ್ಲಿ ಬರೀಲಾ? ಅದು ಆಗಲ್ಲ ನನ್ನಿಂದ."

"ಎಷ್ಟು ದಿನ ಅಂತ ನನ್ನ ಹಿಂದೆ ಹಿಂದೆ ಕಟ್ಕೊಂಡು ಬರ್ತೀಯ?"

"ಆಗೋ ಅಷ್ಟು ದಿನ" ಎಂದಳು.

ಸುಮ್ಮನೆ ಅಂದ ಮಾತಲ್ಲ ಅದು. ಮಾಡುತ್ತಾಳೆ. ತನ್ನ ಕೆಲಸ ಮುಗಿಸಿ, ಕತ್ತಲಾಗುವವರೆಗೆ ಕೂತು ನನ್ನ ಸಾಲನ್ನೂ ಕಟ್ಟುತ್ತಾಳೆ, ವರ್ಷಗಟ್ಟಲೆ, ನನಗೆ ಗೊತ್ತಾಗದ ಹಾಗೆ. ಈಗಲೇ ಕಣ್ಣ ಕೆಳಗೆ ಕಪ್ಪು. ಸಿಟ್ಟು ಬಂತು, ನಾಚಿಕೆಯೂ ಆಯಿತು, ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಮೂರರಲ್ಲಿ ಸಿಟ್ಟೊಂದನ್ನೇ ತೋರಿಸಿ ಬಂದೆ. ಅವಳು ತೊಟ್ಟಿ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು.

ನೆಟ್ಟಗೆ ಆಫೀಸಿಗೆ ಹೋದೆ. ಕೌಂಟರ್ ಕೊಡಿ ಸಾರ್ ಎಂದೆ.

"ರಿಪೋರ್ಟ್ ಚೆನ್ನಾಗಿದೆಯಲ್ಲಮ್ಮ? ಎಲ್ಲಾ ಹಿಡಿದಿದೆ."

"ಕೈ ನೋಯುತ್ತೆ ಸಾರ್. ದಿನಾ ಆಗಲ್ಲ."

ಅವರು ಒಪ್ಪಿದರು. ಇಷ್ಟು ಸುಲಭಕ್ಕೆ ಮುಗಿದುಹೋಯಿತು.

ಮನೆಯಲ್ಲಿ ಹೇಳಿದಾಗ ಅತ್ತೆ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಬಾಚಣಿಗೆ ತಂದು ಹಿಂದೆ ಕೂತರು. "ಸಿಟ್ಟು ಬಂದಾಗ ನಂಗೂ ಬಯ್ಯಿ, ಪರವಾಗಿಲ್ಲ" ಎಂದರು. ಅಳು ತಡೆಯಲಾಗಲಿಲ್ಲ. ಅವರು ಜಡೆ ಹೆಣೆಯುತ್ತಲೇ ಇದ್ದರು.

ಜುಲೈ 17, ಬುಧವಾರ. ಹನ್ನೆರಡೂವರೆ, ಕೌಂಟರ್

ಜನ ಇಲ್ಲ. ಬರೆಯುತ್ತಿದ್ದೇನೆ.

ಫ್ಯಾನ್ ಇದೆ, ನಿಜ. ಸದ್ದು ಮಾಡುತ್ತದೆ, ಗಾಳಿ ಪಕ್ಕದ ಗೋಡೆಗೆ ಹೋಗುತ್ತದೆ. ಕಿಟಕಿ ಎಷ್ಟು ಕೆಳಗಿದೆಯೆಂದರೆ ಯಾರ ಮುಖವೂ ಕಾಣುವುದಿಲ್ಲ. ಹೊಟ್ಟೆ ಬರುತ್ತದೆ, ಕೈ ಬರುತ್ತದೆ, ಹೋಗುತ್ತದೆ. ಸಂಜೆ ಮನೆಗೆ ಹೋದರೆ ಉಗುರು ಬೆಳ್ಳಗಿರುತ್ತದೆ. ಆದರೂ ತೊಳೆಯುತ್ತೇನೆ.

ಸಿಬ್ಬಂದಿ ಗೇಟಿನ ಕಡೆ ಹೋಗಿಲ್ಲ. ಇರುವೆಯನ್ನು ನೋಡಿ ಮೂರು ವಾರವಾಗುತ್ತ ಬಂದಿತ್ತು. ತೊಟ್ಟಿ ಹತ್ತಿರ ಆಡಿದ್ದೇ ಕೊನೆಯ ಮಾತಾಗಿತ್ತು.

ಈಗ ಒಂದು ಗಳಿಗೆ ಮುಂಚೆ ಕಿಟಕಿಯೊಳಗೆ ಒಂದು ಕೈ ಬಂತು. ಮಣ್ಣು ಮೆತ್ತಿದ ಸಣ್ಣ ಕೈ.

"ಎಷ್ಟು ಟಿಕೆಟ್?" ಎಂದೆ.

"ಸಾಸಿವೆ..."

"ದೊಡ್ಡವರಾ, ಮಕ್ಕಳಾ?"

ಬಗ್ಗಿದಳು. ಮುಖ ಕಾಣಿಸಿತು, ಬೆವತಿತ್ತು. "ಹೊಸ ಅಪ್ರೆಂಟಿಸ್‌ಗಳು ಬಂದಿದಾರೆ. ನಿನ್ನೆ ಕಟ್ಟಿದ್ದನ್ನ ಇವತ್ತು ಬಿಚ್ಚಿ ಬಿಚ್ಚಿ ನೋಡ್ತಿದಾರೆ ಕಣೇ. ಅದಲು ಬದಲು ಮಾಡ್ಸಿದೆ. ಒಬ್ಬರ ಸಾಲಿಗೆ ಇನ್ನೊಬ್ಬರು ಕಾವಲು ನಿಂತು ಬಿಚ್ತಾರೆ!"

"ಬಯ್ಯಿ."

"ಬಯ್ದೆ."

"ಏನಂತ ಬಯ್ದೆ?"

"ಹಾಗೆಲ್ಲ ಮಾಡ್ಬಾರ್ದಪ್ಪ, ಗಿಡಕ್ಕೆ ನೋವಾಗುತ್ತೆ ಅಂದೆ."

"ಇದು ಬೈಗುಳವಾ? ಇದು ಲಾಲಿ ಹಾಡು."

"ಸಾರಿ ಮೇಡಂ ಅಂತಾರೆ. ನಗ್ತಾರೆ. ಮತ್ತೆ ಬಿಚ್ತಾರೆ. ನಂಗೆ ಬಯ್ಯೋಕೆ ಬರಲ್ಲ, ನಿಂಗೊತ್ತಲ್ಲ. ಊಟದ ಹೊತ್ತಲ್ಲಿ ಒಂದು ಸಲ ಬಾರೇ. ಬಂದು ಬಯ್ದು ಹೋಗು."

"ನಾನು ಟಿಕೆಟ್ ಹರಿಯೋಳು. ನರ್ಸರಿಗೂ ನಂಗೂ ಏನು ಸಂಬಂಧ?"

ಅವಳ ಹಿಂದೆ ಯಾರೋ ಕೆಮ್ಮಿದರು. ಅವಳು ಪಕ್ಕಕ್ಕೆ ಸರಿದು ಹೋದಳು. ಕಿಟಕಿ ಹಲಗೆಯ ಮೇಲೆ ಮಣ್ಣು ಉದುರಿದೆ. ಒರೆಸಿಲ್ಲ.

ಹೋಗುವುದಿಲ್ಲ. ಹೋದರೆ ನನ್ನ ಬೆಂಚು ನೋಡಬೇಕಾಗುತ್ತದೆ. ಅಲ್ಲಿ ಯಾರೋ ಹುಡುಗಿ ಕೂತು, ಹತ್ತು ಬೆರಳೂ ಮಡಚಿ ಪಟ್ಟಿ ಬಿಗಿಯುತ್ತಿರುತ್ತಾಳೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಬೈಯಲು ಕರೆಯುತ್ತಾಳಂತೆ, ಬಾಡಿಗೆ ಬಾಯಿ! ಕೌಂಟರಿನವಳ ಮಾತು ಆ ಮಕ್ಕಳು ಯಾಕೆ ಕೇಳಬೇಕು?

ಒಬ್ಬರ ಸಾಲಿಗೆ ಇನ್ನೊಬ್ಬರು ಕಾವಲು ನಿಂತು... ಅಬ್ಬ. ನಮಗೂ ಇಷ್ಟು ಬುದ್ಧಿ ಓಡಿರಲಿಲ್ಲ.

ನಾಳೆಗೆಲ್ಲ ಕಪ್ಪಾಗಿ ಹೋಗುತ್ತವೆ. ಇರುವೆ ಮತ್ತೆ ಸಂಜೆ ಕೂತು ಒಬ್ಬಳೇ ಎಲ್ಲರದನ್ನೂ ಕಟ್ಟುತ್ತಾಳೆ. ಕಟ್ಟದೇ ಇರುವವಳಲ್ಲ ಅವಳು.

ಬೈಯುವುದೂ ಬೇಡ. ಒಳಗೆ ಹೋಗಿ, ಸಾಲಾಗಿ ನಿಲ್ಲಿಸಿ, ಈ ಬೆರಳು ತೋರಿಸಿದರೆ ಸಾಕು. ಮಡಚಲು ನೋಡಿ, ಮಡಚುವುದಿಲ್ಲ, ಯಾಕೆ ಗೊತ್ತಾ ಎಂದು ಕೇಳಿದರೆ...

ಬೈಯದೇನೂ ಬಿಡುವುದಿಲ್ಲ, ಅದು ಬೇರೆ ಮಾತು.

ಯಾರೋ ಬಂದರು. ಇಬ್ಬರು ದೊಡ್ಡವರು, ಒಂದು ಮಗು. ಟಿಕೆಟ್ ಕೊಟ್ಟೆ. ಅವರ ಹಿಂದೆ ಇನ್ನೊಬ್ಬರು. ನನಗೆ ಊಟದ ಸಮಯ, ಆಮೇಲೆ ಬನ್ನಿ ಎಂದೆ. ಇನ್ನೂ ಒಂದು ಗಂಟೆ ಆಗಿಲ್ಲವಲ್ಲ ಅಂತಾರೆ. ಆಗಿದೆ ಎಂದೆ. ಕಿಟಕಿ ಎಳೆದೆ. ಸಿಬ್ಬಂದಿ ಗೇಟಿನ ಕಡೆ ಹೊರಟೆ.